ಇಪ್ಪತ್ತಮೂರನೆಯ ಮನೆ

ಶನಿವಾರ, ಬೆಳಗಿನ ಐದೂ ಮುಕ್ಕಾಲು. ಬಸವೇಶ್ವರನಗರದ ಈ ಅಡ್ಡರಸ್ತೆಗೆ ಹಾಲಿನ ಗಾಡಿ ಬಂದು ಹೋಗಿದೆ, ಅಷ್ಟೇ. ಚಿಕ್ಕಲಕ್ಷ್ಮಮ್ಮ ಗೇಟಿನ ಚಿಲಕವನ್ನು ಸದ್ದಾಗದಂತೆ ಎತ್ತುತ್ತಾರೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬಕೆಟ್ಟಿಗೆ ಕೈಯದ್ದಿ, ಹೊಸ್ತಿಲಿನ ಎದುರು ನೀರು ಚಿಮುಕಿಸುತ್ತಾರೆ. ಆಮೇಲೆ ಕಡ್ಡಿ ಪೊರಕೆ ನೆಲಕ್ಕೆ ತಾಗುತ್ತದೆ. ನಿನ್ನೆಯ ರಂಗೋಲಿ ನೀರಿನಲ್ಲಿ ಬೆಳ್ಳಗೆ ಕದಡಿ ಚರಂಡಿಯ ಕಡೆಗೆ ಹರಿದು ಹೋಗುತ್ತದೆ. ಹೊಂಗೆ ಮರದ ಎಲೆಗಳು ಒಂದೊಂದಾಗಿ ಗುಡ್ಡೆ ಸೇರುತ್ತವೆ. ತೊಳೆದ ನೆಲ ಆರುವ ತನಕ ಅವರು ಸುಮ್ಮನೆ ನಿಲ್ಲುತ್ತಾರೆ. ಆರಿದ ಮೇಲೆ ಬಗ್ಗಿ ಚುಕ್ಕಿ ಇಡುತ್ತಾರೆ, ಎಳೆ ಎಳೆಯುತ್ತಾರೆ. ಮನೆಯೊಳಗೆ ಇನ್ನೂ ಯಾರೂ ಎದ್ದಿಲ್ಲ. ಎದ್ದವರಿಗೆ ತಮ್ಮ ಬಾಗಿಲು ರಾತ್ರಿಯೆಲ್ಲ ಹೀಗೇ ಇತ್ತೇನೋ ಅನ್ನಿಸಬೇಕು. ಅದು ಅವರ ಲೆಕ್ಕ.

ಚಿಕ್ಕಲಕ್ಷ್ಮಮ್ಮನವರನ್ನು ಈ ರಸ್ತೆಯಲ್ಲಿ ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಾರೆ. ಐವತ್ತೆರಡು ವರ್ಷ. ದಿನಕ್ಕೆ ಐದು ಮನೆ, ಎಲ್ಲ ಸೇರಿ ಹತ್ತೊಂಬತ್ತು ಕೋಣೆ, ಅರವತ್ತೆರಡು ಮೆಟ್ಟಿಲು, ನೆಲ ಒರೆಸುವುದಕ್ಕೇ ಹದಿನಾಲ್ಕು ಬಕೆಟ್ ನೀರು. ಮೆಟ್ಟಿಲನ್ನು ಅವರು ಎಣಿಸಿದ್ದು ಮೊಣಕಾಲು ನೋಯಲು ಶುರುವಾದ ಮೇಲೆ. ಅದಕ್ಕೆ ಮುಂಚೆ ಎಣಿಸುವ ಅಗತ್ಯ ಬಿದ್ದಿರಲಿಲ್ಲ ಎಂದು ನಗುತ್ತಾರೆ.

ನಾಳೆ ಭಾನುವಾರ ಈ ರಸ್ತೆಯಲ್ಲಿ ಸ್ವಚ್ಛ ಮನೆ ಸ್ಪರ್ಧೆ. ನಿವಾಸಿಗಳ ಸಂಘದವರು ನಡೆಸುವುದು ಇದು ಮೂರನೇ ವರ್ಷ. ಹೋದ ಎರಡು ವರ್ಷವೂ ಮೊದಲ ಬಹುಮಾನ ಬಂದದ್ದು ಚಿಕ್ಕಮ್ಮ ಗುಡಿಸಿ ಒರೆಸುವ ಮನೆಗಳಿಗೇ. ಮೊದಲ ಸಲ ಬ್ಯಾಂಕಿನಿಂದ ನಿವೃತ್ತರಾದ ಜಲಜಾ ಅವರ ಮನೆಗೆ, ಎರಡನೇ ಸಲ ಮೇಷ್ಟರಾಗಿದ್ದ ಗೋಪೀನಾಥ ಅವರ ಮನೆಗೆ. ಎರಡು ಸಲವೂ ಬಹುಮಾನ ಕೊಡುವಾಗ ಚಿಕ್ಕಮ್ಮ ಹಿತ್ತಲಿನಲ್ಲಿ ಬಂದವರ ಕಾಫಿ ಲೋಟ ತೊಳೆಯುತ್ತಿದ್ದರು. ಚಪ್ಪಾಳೆ ಕೇಳಿಸಿತ್ತು. ಈ ಸಲ ಮಗಳು ಲತಾ, ಅತ್ತಿಗುಪ್ಪೆಯ ಮೆಡಿಕಲ್ ಶಾಪಿನಲ್ಲಿ ಬಿಲ್ ಹಾಕುವವಳು, ಅಮ್ಮನ ಹೆಸರನ್ನೂ ಬರೆಸಿ ಬಂದಿದ್ದಾಳೆ. ಪಟ್ಟಿಯಲ್ಲಿ ಇಪ್ಪತ್ತಮೂರನೆಯದು, ಕೊನೆಯದು. ಹನುಮಂತಯ್ಯನವರ ವಠಾರವೂ ಇದೇ ರಸ್ತೆಯ ತುದಿಯಲ್ಲಿರುವುದರಿಂದ ಬೇಡ ಎನ್ನಲು ಸಂಘದವರಿಗೆ ಕಾರಣ ಸಿಗಲಿಲ್ಲ.

ಚಿಕ್ಕಮ್ಮ ಈ ಸಂಗತಿಯನ್ನು ತಮ್ಮ ಐದು ಮನೆಗಳಲ್ಲಿ ಯಾರಿಗೂ ಹೇಳಿಲ್ಲ. ನಾಚಿಕೆ. "ಬಹುಮಾನ ಬರ್ಲಿ ಅಂತ ಅಲ್ಲ ಕಣಮ್ಮ. ಇಪ್ಪತ್ತೇಳು ವರ್ಷದಿಂದ ನಾನು ಅವ್ರ ಮನೆ ನೋಡ್ತಾ ಇವ್ನಿ. ಒಂದ್ಸಲ ಅವ್ರೂ ಬಂದು ನಮ್ಮನೆ ನೋಡ್ಲಿ ಅಂತ," ಎಂದು ಲತಾಗೆ ಹೇಳುತ್ತಾರೆ.

ಅವರ ಊರು ಮಾಗಡಿ ಕಡೆ. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಕೈ ಮೈಯೆಲ್ಲ ಕರಿ. ಆ ಕರಿಪುಡಿ ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಅದನ್ನು ಬಿಟ್ಟು ಮನೆಕೆಲಸಕ್ಕೆ ಸೇರಿದ್ದೇ ಕೈ ಬೆಳ್ಳಗಿರಲಿ ಎಂದು. ಈಗ ಸೋಪಿನ ಪುಡಿಗೆ ಬೆರಳ ತುದಿ ಸೀಳಿದೆ, ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಮೊದಲು ಸೇರಿದ ಮನೆಯಲ್ಲಿ ಅವರ ಕಾಫಿ ಲೋಟ ಹಿತ್ತಲ ಕಿಟಕಿಯ ಮೇಲೆ ಬೇರೆ ಇರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಬೇಕಿತ್ತು. ಎಂಟು ತಿಂಗಳು ಹಾಗೆ ಮಾಡಿದರು. ಒಂದು ದಿನ ಲೋಟವನ್ನು ಚೆನ್ನಾಗಿ ಬೆಳಗಿ, ಬೋರಲು ಹಾಕಿ, ಮತ್ತೆ ಆ ಮನೆಗೆ ಹೋಗಲಿಲ್ಲ. ಇದನ್ನು ಹೇಳುವಾಗ ದನಿ ಏರುವುದಿಲ್ಲ. ಆ ಮನೆ ಯಾವುದು ಎಂದು ಕೇಳಿದರೆ ಹೇಳುವುದೂ ಇಲ್ಲ.

ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯಬಾರದು ಎನ್ನುವುದು ಚಿಕ್ಕಮ್ಮನ ಕಟ್ಟುನಿಟ್ಟು. ಪಕ್ಕದ ಮನೆಯ ಅಡಿಗೆಮನೆ ಹೇಗಿದೆ ಎಂದು ಯಾರಾದರೂ ಮೆಲ್ಲಗೆ ಕೆದಕಿದರೆ, "ಗೋಡೆ ಐತೆ, ಒಲೆ ಐತೆ" ಎಂದು ಸುಮ್ಮನಾಗುತ್ತಾರೆ. ಹಾಗಾಗಿ ಐದು ಮನೆಯವರೂ ಅವರನ್ನು ನಂಬುತ್ತಾರೆ. ಮುಂದೆ ಆದದ್ದಕ್ಕೆಲ್ಲ ಆ ನಂಬಿಕೆಯೇ ಕಾರಣ.

ಮನೆಗಳನ್ನು ಅವರಷ್ಟು ಬಲ್ಲವರು ಇಲ್ಲ. ಜಲಜಾ ಅವರು ಚಿಕ್ಕಮ್ಮ ಬರುವ ಮೊದಲೇ ಒಂದು ಸಲ ಗುಡಿಸಿಬಿಟ್ಟಿರುತ್ತಾರೆ. ಕೆಲಸದವರು ಬರುವ ಹೊತ್ತಿಗೆ ಮನೆ ಗಲೀಜಾಗಿದ್ದರೆ ಮರ್ಯಾದೆ ಏನು ಉಳಿಯಿತು ಎಂದು ಅವರ ವಾದ. ಸ್ಕೂಲ್ ಟೀಚರ್ ರಾಗಿಣಿಯವರ ಮಲಗುವ ಕೋಣೆಯಲ್ಲಿ ವ್ಯಾಯಾಮದ ಸೈಕಲ್ ಒಂದಿದೆ. ಅದರ ಮೇಲೆ ಯಾರೂ ಕೂತದ್ದನ್ನು ಚಿಕ್ಕಮ್ಮ ನೋಡಿಲ್ಲ, ಕೂತಿರುವುದು ಬಟ್ಟೆ ಮಾತ್ರ. ಗೋಪೀನಾಥ ಅವರು ಓದಿದ ಪೇಪರನ್ನು ಎಸೆಯುವುದಿಲ್ಲ, ಮಂಚದ ಕೆಳಗೆ ಮೂರು ವರ್ಷದ ಪೇಪರ್ ಇದೆ. ಯಾರ ಮನೆಯಿಂದಲಾದರೂ ಒಬ್ಬರು ಊರಿಗೆ ಹೊರಟ ದಿನ ಆ ಮನೆಯನ್ನು ಚಿಕ್ಕಮ್ಮ ಕೊನೆಗೆ ಇಟ್ಟುಕೊಳ್ಳುತ್ತಾರೆ. ಹೋದವರ ಬೆನ್ನಿಗೇ ಪೊರಕೆ ಹಿಡಿಯಬಾರದಲ್ಲ. ಬಸ್ಸು ಊರು ದಾಟಿತು ಎಂದು ಫೋನ್ ಬಂದ ಮೇಲೇ ಅವರು ಗುಡಿಸಲು ಬಗ್ಗುವುದು.

ಶನಿವಾರ ಹನ್ನೊಂದು ಗಂಟೆಗೆ ಜಲಜಾ ಅವರು ಚಿಕ್ಕಮ್ಮನನ್ನು ಒಳಗಿನ ಕೋಣೆಗೆ ಕರೆದರು. ಅಲ್ಲಿ ಎರಡು ಗೋಣಿಚೀಲ. ಒಂದರ ತುಂಬ ಐಸ್‌ಕ್ರೀಮಿನ ಡಬ್ಬ, ಸ್ವೀಟಿನ ಡಬ್ಬ. ಇನ್ನೊಂದರಲ್ಲಿ ಕ್ಯಾರಿಬ್ಯಾಗು ಮತ್ತು ಕೆಟ್ಟುಹೋದ ಮಿಕ್ಸಿ. ಎಸೆಯಲು ಮನಸ್ಸಿಲ್ಲ, ಇಟ್ಟುಕೊಂಡರೆ ತೀರ್ಪುಗಾರರು ನೋಡುತ್ತಾರೆ. "ಎರಡೇ ದಿನ ನಿಮ್ಮನೇಲಿ ಇಟ್ಕೊಳ್ಳಿ ಚಿಕ್ಕಮ್ಮ. ಯಾರಿಗೂ ಹೇಳ್ಬೇಡಿ," ಎಂದರು. ಚಿಕ್ಕಮ್ಮನಿಗೆ ತಮ್ಮ ಮನೆಯ ಹೆಸರೂ ಪಟ್ಟಿಯಲ್ಲಿದೆ ಎಂದು ಬಾಯಿಗೆ ಬಂತು. ಎರಡು ಚೀಲ ತಾನೇ, ಮಂಚದ ಕೆಳಗೆ ಹೋಗುತ್ತವೆ ಎಂದು ನುಂಗಿಕೊಂಡರು.

ಹನ್ನೆರಡಕ್ಕೆ ಗೋಪೀನಾಥ ಅವರು ಪೇಪರ್ ಕಟ್ಟುಗಳನ್ನು ಚಿಕ್ಕಮ್ಮನ ಮನೆಗೆ ಕಳಿಸಲು ಆಟೋಗೆ ಹಾಕಿಸಿ ನಿಂತಿದ್ದರು. ಅದು ಹೊರಡುವ ಮುಂಚೆ ಮೆಲ್ಲಗೆ, ಯಾರಿಗೂ ತಿಳಿಯಬಾರದು ಎಂದರು. ಆಗಲೇ ಒಬ್ಬರದು ಬಂದಿದೆ, ಜಾಗವಿಲ್ಲ ಸಾರ್ ಎನ್ನಬೇಕೆಂದರೆ ಜಲಜಾ ಅವರ ಗುಟ್ಟು ರಟ್ಟಾಗುತ್ತದೆ. ಚಿಕ್ಕಮ್ಮ ಹೂಂ ಎಂದರು. ಮಧ್ಯಾಹ್ನ ನಾಲ್ಕನೇ ಮನೆಯಿಂದ ಹಳೇ ಡಬ್ಬ ಟೀವಿ ಬಂತು, ಐದನೇ ಮನೆಯಿಂದ ಗಣೇಶನ ಹಬ್ಬದ ಥರ್ಮಾಕೋಲ್ ಮಂಟಪ ಮತ್ತು ಮೊಮ್ಮಕ್ಕಳು ಬಿಟ್ಟುಹೋದ ಆಟದ ಸಾಮಾನು. ಸಂಜೆ ಆರಕ್ಕೆ ರಾಗಿಣಿಯವರ ಸೈಕಲ್, ಅದರ ಮೇಲಿದ್ದ ಬಟ್ಟೆಯ ಸಮೇತ. ಪ್ರತಿಯೊಬ್ಬರೂ ತಾವೊಬ್ಬರೇ ಕಳಿಸುತ್ತಿದ್ದೇವೆ ಎಂದುಕೊಂಡಿದ್ದರು. ಪ್ರತಿಯೊಬ್ಬರೂ ಯಾರಿಗೂ ಹೇಳಬೇಡಿ ಎಂದಿದ್ದರು.

ಚಿಕ್ಕಮ್ಮನ ಮನೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದೇ ಕೋಣೆ. ಮೇಲೆ ಶೀಟು. ಮೂಲೆಯಲ್ಲಿ ಒಲೆ, ಒಂದು ಕಿಟಕಿ, ಮೂರು ಜನ. ಕೆಲಸದಿಂದ ಬಂದ ಲತಾ ಬಾಗಿಲಲ್ಲೇ ನಿಂತುಬಿಟ್ಟಳು. ಕಾಲಿಡಲು ಜಾಗವಿಲ್ಲ. ಅವಳಿಗೆ ಕಣ್ಣಲ್ಲಿ ನೀರೇ ಬಂತು. ಇದನ್ನೆಲ್ಲ ಅವರವರ ಗೇಟಿನ ಮುಂದೆ ಇಟ್ಟು ಬರುತ್ತೇನೆ ಎಂದಳು. ಅಮ್ಮ ಬೇಡವೆಂದರು. ಹಾಗಾದರೆ ಹೆಸರು ತೆಗೆಸಿ ಬರುತ್ತೇನೆ ಎಂದಳು. ಅದಕ್ಕೂ ಅಮ್ಮ ಒಪ್ಪಲಿಲ್ಲ. ದೊಡ್ಡ ಬೆಡ್‌ಶೀಟ್ ಹೊದಿಸಿ ಮುಚ್ಚಿಬಿಡೋಣವೇ ಎಂದು ಕೇಳಿದಳು.

"ಮುಚ್ಚಿದ್ರೆ ಧೂಳು ಹೋಗಲ್ಲ, ಕಾಣಲ್ಲ ಅಷ್ಟೇ," ಎಂದರು ಚಿಕ್ಕಮ್ಮ. "ನೀನು ಬಟ್ಟೆ ಮಡಚು. ನಾನು ಡಬ್ಬ ನೋಡ್ತೀನಿ."

ಕೆಲಸದಲ್ಲಿ ಅವರದೊಂದು ಕ್ರಮ ಇದೆ. ಮೊದಲು ಎಲ್ಲವನ್ನೂ ಹೊರಗೆ ಹಾಕಬೇಕು, ಬರಿಯ ನೆಲವನ್ನು ಒಮ್ಮೆ ನೋಡಬೇಕು. ಆಮೇಲೆ ಭಾರದ್ದು ಕೆಳಗೆ, ಹಗುರದ್ದು ಮೇಲೆ. ಒಂದೊಂದನ್ನೂ ಒರೆಸಿಯೇ ಒಳಗೆ ತರಬೇಕು. ನಡೆಯುವ ದಾರಿಗೆ ಏನೂ ಅಡ್ಡ ಬರಬಾರದು. ತಾಯಿ ಮಗಳು ವಠಾರದ ಅಂಗಳದಲ್ಲಿ ಎಲ್ಲವನ್ನೂ ಹರಡಿಕೊಂಡು ಕೂತರು. ಪಕ್ಕದ ಮನೆಯ ಲಿಂಗಮ್ಮ ಬಂದು, ಇದೇನು ಗುಜರಿ ಅಂಗಡಿ ತೆಗೆದಿದ್ದೀರಾ ಎಂದು ಗೇಲಿ ಮಾಡಿ, ತಾನೂ ಒಂದು ಬಟ್ಟೆಚೂರು ಹಿಡಿದು ಟೀವಿ ಒರೆಸಲು ಕೂತಳು. ಡಬ್ಬಕ್ಕೆ ಮುಚ್ಚಳ ಹುಡುಕುವುದೇ ಒಂದು ಆಟವಾಯಿತು. ನಲವತ್ತನಾಲ್ಕು ಡಬ್ಬದಲ್ಲಿ ಮೂವತ್ತೆಂಟಕ್ಕೆ ಮುಚ್ಚಳ ಸಿಕ್ಕಿತು. ಎಂಟು ಗಂಟೆಗೆ ಎಲ್ಲ ಮುಗಿದು ಅನ್ನಕ್ಕೆ ಇಟ್ಟರು.

ಭಾನುವಾರ ಬೆಳಿಗ್ಗೆ ಗಂಡ ಗಂಗಣ್ಣ ನಾಯಂಡಹಳ್ಳಿಯ ಗೋಡೌನಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದರು. ವಾಚ್‌ಮನ್ ಟೋಪಿ ತೆಗೆದು, ಸೈಕಲ್ಲಿನ ಸುತ್ತ ಒಮ್ಮೆ ನಡೆದು, "ಇದ್ನ ತುಳ್ಕೊಂಡು ನಾನು ಎಲ್ಲಿಗೆ ಹೋಗ್ಬೇಕೇ?" ಎಂದು ಕೇಳಿದರು. ಎಲ್ಲಿಗೂ ಹೋಗಲ್ಲವಂತೆ, ಅದಕ್ಕೇ ದುಡ್ಡು ಕೊಟ್ಟು ತಗೊಳ್ಳುತ್ತಾರಂತೆ ಎಂದು ಲತಾ ಹೇಳಿದಳು. ಗಂಗಣ್ಣ ಬಹಳ ಹೊತ್ತು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಬೆಳಗಿನಿಂದ ಎರಡು ಸಲ ಹೊಸ್ತಿಲು ತೊಳೆದಿದ್ದರು, ಮೂರನೇ ಸಲಕ್ಕೆ ನೀರು ತುಂಬಿಸುತ್ತಿದ್ದರು.

ಹತ್ತು ಗಂಟೆಗೆ ತೀರ್ಪುಗಾರರು ಬರುತ್ತಾರೆ. ಮಹಾಲಕ್ಷ್ಮಿ ಲೇಔಟಿನಿಂದ ನಿವೃತ್ತ ಮುಖ್ಯೋಪಾಧ್ಯಾಯಿನಿ ನೀಲಾಂಬಿಕಾ, ಜೊತೆಗೆ ಸಂಘದ ಕಾರ್ಯದರ್ಶಿ ಮುರಳೀಕೃಷ್ಣ. ಪ್ರತಿ ಮನೆ ಮುಗಿದಂತೆ ಆ ಮನೆಯವರೂ ಹಿಂದೆ ಸೇರಿಕೊಳ್ಳುತ್ತಾರೆ, ಬೇರೆಯವರ ಮನೆ ನೋಡುವ ಆಸೆ ಯಾರಿಗಿಲ್ಲ? ನೀಲಾಂಬಿಕಾ ಅವರು ಬಾಗಿಲಿನ ಮೇಲಂಚಿಗೆ ಬೆರಳು ಹಾಯಿಸುತ್ತಾರೆ, ಸಿಂಕಿನ ಕೆಳಗೆ ಬಗ್ಗಿ ನೋಡುತ್ತಾರೆ. ಎಲ್ಲ ಮನೆಯೂ ಥಳಥಳ. ಜಲಜಾ ಅವರ ಹಾಲ್‌ನಲ್ಲಿ ಸೋಫಾ ಮತ್ತು ಗಡಿಯಾರ ಬಿಟ್ಟರೆ ಏನೂ ಇಲ್ಲ. ನೀಲಾಂಬಿಕಾ ಅವರು ಸುತ್ತ ನೋಡಿ, "ನೀವು ಇಲ್ಲೇ ವಾಸ ಇದೀರಾ?" ಎಂದು ಕೇಳುತ್ತಾರೆ. ಹೊಗಳಿಕೆಯೋ ಏನೋ ತಿಳಿಯದೆ ಜಲಜಾ ಅವರು ಹೌದು ಮೇಡಂ ಎನ್ನುತ್ತಾರೆ.

ಹನ್ನೆರಡೂವರೆಗೆ ಮುರಳೀಕೃಷ್ಣ ಕೊನೆಯ ಹೆಸರು ಓದುತ್ತಾರೆ. ಚಿಕ್ಕಲಕ್ಷ್ಮಮ್ಮ, ಹನುಮಂತಯ್ಯನವರ ವಠಾರ. ನಮ್ಮ ಚಿಕ್ಕಮ್ಮನಾ ಎಂದು ಹಿಂದೆ ಬರುತ್ತಿದ್ದ ಗುಂಪಿನಲ್ಲಿ ಯಾರೋ ಕೇಳುತ್ತಾರೆ. ಐದು ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಾರೆ. ಗಂಗಣ್ಣನೇ ಎಲ್ಲರನ್ನೂ ಒಳಗೆ ಕರೆಯುತ್ತಾರೆ. ಒಳಗೆ ಆರು ಜನಕ್ಕೆ ಜಾಗ, ಉಳಿದವರು ಬಾಗಿಲಿಂದ, ಕಿಟಕಿಯಿಂದ ಇಣುಕುತ್ತಾರೆ. ಎಡಗೋಡೆಗೆ ಪೇಪರ್ ಕಟ್ಟುಗಳು ಇಟ್ಟಿಗೆಯಂತೆ ಕೂತಿವೆ, ತಾರೀಖು ಎದುರಿಗೆ. ಅದರ ಮೇಲೆ ಟೀವಿ, ಟೀವಿಯ ಮೇಲೆ ಮಂಟಪ, ಮಂಟಪದೊಳಗೆ ಬಣ್ಣ ಬಣ್ಣದ ಆಟದ ಕಾರುಗಳು ಸಾಲಾಗಿ. ಡಬ್ಬಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿದಿವೆ. ಕ್ಯಾರಿಬ್ಯಾಗುಗಳೂ ಮಡಚಿ ಒಂದರ ಮೇಲೊಂದು ಕೂತಿವೆ. ಕಿಟಕಿಯ ಹತ್ತಿರ ಸೈಕಲ್, ಅದರ ಪಕ್ಕ ಮಡಚಿದ ಬಟ್ಟೆ. ಬಾಗಿಲಿನಿಂದ ಒಲೆಯ ತನಕ ಎರಡಡಿ ಅಗಲದ ದಾರಿ, ಅದರ ಮೇಲೆ ಒಂದು ಕಡ್ಡಿಯೂ ಇಲ್ಲ.

ನೀಲಾಂಬಿಕಾ ಅವರು ಟೀವಿಯ ಹಿಂದೆ ಬೆರಳಾಡಿಸುತ್ತಾರೆ. ಸೈಕಲ್ಲಿನ ಪೆಡಲಿನ ಕೆಳಗೂ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ತಿರುಗಿ ಕೇಳುತ್ತಾರೆ, "ಇದೆಲ್ಲ ನಿಮ್ಮದೇನಮ್ಮ?"

ಲತಾ ಅಮ್ಮನನ್ನೇ ನೋಡುತ್ತಾಳೆ. ಹೌದು ಎಂದರೆ ಇಷ್ಟು ಸಾಮಾನು ತುಂಬಿಕೊಂಡವಳು ಎಂದಾಗುತ್ತದೆ. ಅಲ್ಲ ಎಂದರೆ ಯಾರದು ಎಂದು ಹೇಳಬೇಕಾಗುತ್ತದೆ.

"ನಮ್ಮನೇಲಿ ಐತಲ್ಲಮ್ಮ," ಎನ್ನುತ್ತಾರೆ ಚಿಕ್ಕಮ್ಮ. "ಸದ್ಯಕ್ಕೆ ನಮ್ದೇ."

ನೀಲಾಂಬಿಕಾ ಅವರು ಮೂವತ್ತೈದು ವರ್ಷ ಶಾಲೆ ನಡೆಸಿದವರು. ಮೆಲ್ಲಗೆ ಗುಂಪಿನ ಕಡೆ ಕಣ್ಣು ಹಾಯಿಸುತ್ತಾರೆ. ಜಲಜಾ ಅವರು ಶೀಟಿನ ಛಾವಣಿ ನೋಡುತ್ತಿದ್ದಾರೆ. ಗೋಪೀನಾಥ ಅವರು ಕನ್ನಡಕ ಒರೆಸುತ್ತಿದ್ದಾರೆ. ರಾಗಿಣಿಯವರಿಗೆ ಯಾವುದೋ ಫೋನ್ ಬಂದಂತಿದೆ, ಆದರೆ ಫೋನ್ ತಲೆಕೆಳಗಾಗಿದೆ. ನೀಲಾಂಬಿಕಾ ಅವರು ತುಟಿ ಬಿಗಿಹಿಡಿದು ನಗು ತಡೆಯುತ್ತಾರೆ.

"ಬೆಳಗಿನಿಂದ ಇಪ್ಪತ್ತೆರಡು ಹಾಲ್ ನೋಡಿದೆ," ಎನ್ನುತ್ತಾರೆ. "ಮನೆ ನೋಡಿದ್ದು ಇದೊಂದೇ. ಮೊದಲನೇ ಬಹುಮಾನ ಇವರಿಗೆ ಬರ್ಕೊಳ್ಳಿ."

ಮೊದಲು ಚಪ್ಪಾಳೆ ತಟ್ಟುವವರು ಜಲಜಾ ಅವರೇ. ಆಮೇಲೆ ಕಿಟಕಿಯಿಂದ, ಬಾಗಿಲಿನಿಂದ, ಅಂಗಳದಿಂದ. ಲಿಂಗಮ್ಮ ಯಾರನ್ನೋ ತಳ್ಳಿಕೊಂಡು ಒಳಗೆ ಬಂದು ಚಿಕ್ಕಮ್ಮನ ಕೆನ್ನೆ ಹಿಂಡುತ್ತಾಳೆ. ರಾಗಿಣಿಯವರು ಹತ್ತಿರ ಬಂದು ಕೈ ಹಿಡಿದುಕೊಳ್ಳುತ್ತಾರೆ, ಆ ಸೀಳಿದ ಬೆರಳುಗಳನ್ನು ಬೇಗ ಬಿಡುವುದಿಲ್ಲ. ಮನೆ ಎಷ್ಟು ತಂಪಾಗಿದೆ ಎಂದು ಒಬ್ಬರು, ಒಲೆ ಕಟ್ಟೆ ಕನ್ನಡಿಯ ಹಾಗಿದೆ ಎಂದು ಇನ್ನೊಬ್ಬರು. ಚಿಕ್ಕಮ್ಮ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಾರೆ. ಐದು ಮನೆಯವರೂ ಬಂದಿದ್ದಾರೆ, ಒಬ್ಬರೂ ತಪ್ಪಿಸಿಕೊಂಡಿಲ್ಲ. ಗೆದ್ದವರು ಎರಡು ಮಾತಾಡಬೇಕು ಎಂದು ಮುರಳೀಕೃಷ್ಣ ಒತ್ತಾಯ ಮಾಡುತ್ತಾರೆ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ ನೆಲ ನೋಡುತ್ತಾ ಮಾತಾಡುತ್ತಾರೆ.

"ಎಲ್ಲಾರೂ ನಮ್ಮನೆಗೆ ಬಂದ್ರಿ. ನಂಗೆ ಅಷ್ಟೇ ಸಾಕಾಗಿತ್ತು." ಸೆರಗನ್ನು ಸೊಂಟಕ್ಕೆ ಬಿಗಿಯುತ್ತಾರೆ. "ಈ ಸಾಮಾನು ಯಾರ್ಯಾರ್ದೋ, ಅವ್ರವ್ರು ಹೋಗ್ತಾ ತಗೊಂಡು ಹೋಗ್ಬಿಡಿ. ನಾನು ನೆಲ ಒರೆಸ್ಬೇಕು."

ಚಪ್ಪಾಳೆ ನಿಂತಿದೆ. ಚಿಕ್ಕಮ್ಮ ಬಕೆಟ್ ಎತ್ತಿಕೊಳ್ಳುತ್ತಾರೆ.