ಕೀವಿಲ್ಲದ ಹೊಕ್ಕುಳು

ವ್ಯಾಪಾರದಲ್ಲಿ ಎದುರಿನವರ ಮಾತನ್ನು ಅಲ್ಲಗಳೆಯಬಾರದು, ಅವರ ಮಾತಿನಿಂದಲೇ ಒಪ್ಪಂದ ಹುಟ್ಟಿಸಬೇಕು. ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಕೊಂಡು ಮಾರಿ ಮೇಲೆ ಬಂದವನು ನಾನು. ಆದರೂ ನನ್ನ ಅತಿ ದೊಡ್ಡ ಚೌಕಾಸಿ ನಡೆದದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಹೊನ್ನೂರಿನ ಅತ್ತೆಮನೆಯ ಬಾಣಂತಿ ಕೋಣೆಯ ಬಾಗಿಲಲ್ಲಿ.

ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿ ವಾರವೂ ಆಗಿರಲಿಲ್ಲ. ನೋಡಲು ಹೋದಾಗ, ಬೆಳಗಿನಿಂದ ಅದು ಮೊಲೆ ಹಿಡಿಯುತ್ತಿಲ್ಲವೆಂದು ಹೆಂಡತಿ ಮೆಲ್ಲಗೆ ಹೇಳಿದಳು. ಹೊಕ್ಕುಳಿಗೆ ವಾಡಿಕೆಯಂತೆ ಬೆರಣಿ ಬೂದಿ ಒತ್ತಿದ್ದರು. ಸುತ್ತ ಸ್ವಲ್ಪ ಕೆಂಪಿತ್ತು, ಅಷ್ಟೆ. ಆಸ್ಪತ್ರೆಗೆ ಹೋಗೋಣ ಎಂದೆ. ಅತ್ತೆ ಅಡ್ಡ ನಿಂತರು.

"ಮೈ ಬಿಸಿ ಅದಾ? ಕೀವು ಅದಾ? ಪುರುಡು ಕಳೀದೆ ಕೂಸ್ನ ಒಸ್ಲು ದಾಟಿಸ್ತಾರಾ? ಸುಮ್ಕೆ ಮಲ್ಗಿರೋದ್ನ ಅಲ್ಲಾಡಿಸ್ಬೇಡಿ."

ರೇಷ್ಮೆಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂರದೆ ಸೊಪ್ಪು ಬಿಟ್ಟ ಹುಳು, ಮೈ ಎಷ್ಟೇ ಹೊಳೆಯಲಿ, ಉಳಿಯುವುದಿಲ್ಲ. ಕೂಸನ್ನು ನೋಡಿದಾಗ ಅದೇ ನೆನಪಾಯಿತು. ಆದರೂ ವಾದಿಸಲಿಲ್ಲ.

"ಸರಿ ಅತ್ತೆ, ನಿಮ್ ಮಾತೇ ಆಗ್ಲಿ. ಬಸ್ ಬರೋದ್ರೊಳಗೆ ಒಂದ್ಸಾರಿ ಚೀಪ್ಲಿ, ಒಬ್ನೇ ಓಯ್ತೀನಿ. ಚೀಪ್ನಿಲ್ಲ ಅಂದ್ರೆ ಕೂಸೂ ಬರ್ಬೇಕು, ನೀವೂ ಬರ್ಬೇಕು."

ಒಪ್ಪಿದರು. ತಾವೇ ಅಂಗಾಲು ಉಜ್ಜಿದರು, ಕೆನ್ನೆ ತಟ್ಟಿದರು, ಹಾಲು ತುಟಿಗೆ ಸವರಿದರು. ಹಾಲು ಹಾಗೆಯೇ ಕಟಬಾಯಿಂದ ಇಳಿಯಿತು. ಬಸ್ಸಿನ ಹಾರನ್ ಕೇಳಿದಾಗ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮೊದಲು ಹೊಸಿಲು ದಾಟಿದವರು ಅತ್ತೆಯೇ. ಹೆಂಡತಿಯ ಕೈ ಹಿಡಿದು ನಾನು ಹಿಂದೆ ನಡೆದೆ.

ಕೊಳ್ಳೇಗಾಲದ ಡಾಕ್ಟರು ಹೊಕ್ಕುಳು ನೋಡಿದವರೇ, ನಂಜು ರಕ್ತಕ್ಕೆ ಇಳಿದಿದೆ ಎಂದು ಪೆನಿಸಿಲಿನ್ ಚುಚ್ಚಿದರು. ಕೀವೇ ಇರಲಿಲ್ಲವಲ್ಲ ಎಂದು ಅತ್ತೆ ಅಲವತ್ತುಕೊಂಡರು. ಡಾಕ್ಟರು ಬಿಡಿಸಿ ಹೇಳಿದರು. ದೊಡ್ಡವರ ಮೈಯಲ್ಲಿ ನಂಜು ಸೇರಿದ ಕಡೆಯಿಂದ ಕರೆ ಹೊರಡುತ್ತದಂತೆ; ರಕ್ತದ ಬಿಳಿ ಕಣಗಳು ಅದರ ಜಾಡು ಹಿಡಿದು ಓಡಿಬಂದು ಕಾದಾಡುತ್ತವಂತೆ; ಕಾದಾಡಿ ಸತ್ತವು ಸೇರಿಯೇ ಕೀವಾಗುತ್ತದಂತೆ. ಹಸುಗೂಸಿನಲ್ಲಿ ಕರೆ ಹೊರಟರೂ ಆ ಕಣಗಳಿಗೆ ಇನ್ನೂ ಚುರುಕಾದ ನಡಿಗೆ ಬಂದಿರುವುದಿಲ್ಲ.

"ಕೀವಿಲ್ಲ ಅಂತ ಖುಷಿಪಟ್ರಿ. ಕಾಯೋರು ಇನ್ನೂ ದಾರೀಲಿದ್ರು ಕಣಮ್ಮ," ಎಂದರು ಡಾಕ್ಟರು.

ಎಳೆಗೂಸಿರುವ ಮನೆಯವರಿಗೆ ನನ್ನ ಬುದ್ಧಿಮಾತು ಇಷ್ಟೇ: ಜ್ವರ, ಕೀವು ಬರಲೆಂದು ಕಾಯಬೇಡಿ. ಮೊಲೆ ಬಿಟ್ಟಿತೇ, ಎತ್ತಿಕೊಂಡು ಓಡಿ.

ಕೂಸನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು; ಕೆಲವು ದಿನ ನಾವು ಯಾರೂ ನೆಟ್ಟಗೆ ಉಣ್ಣಲಿಲ್ಲ. ಆಮೇಲೊಂದು ಮಧ್ಯಾಹ್ನ ಕೂಸು ವಾರ್ಡೆಲ್ಲ ತಿರುಗಿ ನೋಡುವಂತೆ ಕಿರುಚಿತು. ಮೊಲೆ ಸಿಕ್ಕಿದ್ದೇ ತಡ, ಕಚ್ಚಿ ಹಿಡಿದು ಎಳೆಯತೊಡಗಿತು. ಹೆಂಡತಿ ನೋವಿಗೆ ಮುಖ ಕಿವುಚಿಕೊಂಡೇ ನಕ್ಕಳು. ಬಿಡಿಸಲು ಹೋದರೆ ಮತ್ತೆ ಅದೇ ಕಿರುಚಾಟ.

ಅತ್ತೆ ಕಣ್ಣೊರೆಸಿಕೊಂಡು, "ಅಪ್ಪನ್ ಗಂಟ್ಲೇ ಬಂದದ. ಕೂಗು ಮಗಾ, ಗೂಡಿನ್ ಮಾರ್ಕೆಟ್ಗೂ ಕೇಳಿಸ್ಲಿ," ಎಂದರು.