ಒಸಡಿನ ಬಣ್ಣದ ಹುಳು

ಮೊನ್ನೆ ಗಾಳದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಊಟದ ಮೇಲೆ ಅಗಿಯುವ ಬಡೇಸೋಪಿನ ವಾಸನೆ.

ಪ್ರತಿ ತಿಂಗಳ ಮೊದಲ ಶನಿವಾರ ಮನೆಯ ಒಂದು ಕಪಾಟನ್ನು ಪೂರ್ತಿ ಖಾಲಿ ಮಾಡಿ, ಒರೆಸಿ, ಮತ್ತೆ ಜೋಡಿಸುವುದು ನನ್ನ ಪದ್ಧತಿ. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಆಯುಷ್ಯ ಕಳೆದವನಿಗೆ ಯಾವ ವಸ್ತು ಎಲ್ಲಿರಬೇಕೋ ಅಲ್ಲಿರದಿದ್ದರೆ ಊಟ ರುಚಿಸುವುದಿಲ್ಲ. ಈ ಸಲ ಗಾಳದ ಸಾಮಾನಿನ ಕಪಾಟಿನ ಸರದಿ. ಖಾನೆಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೊಕ್ಕೆಗಳು ಅಳತೆಯ ಪ್ರಕಾರ, ಸೀಸದ ಗುಂಡುಗಳು ತೂಕದ ಪ್ರಕಾರ ಇದ್ದಂತೆಯೇ ಇದ್ದವು. ಆದರೆ ಬಣ್ಣದ ಪ್ರಕಾರ ಬೇರೆ ಬೇರೆ ಖಾನೆಗಳಲ್ಲಿ ನಾನು ಇಟ್ಟಿದ್ದ, ಗಾಳಕ್ಕೆ ಚುಚ್ಚುವ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳು ಕರಗಿ ಅಂಟಾಗಿದ್ದವು. ತಾವು ಕರಗಿದ್ದಲ್ಲದೆ ಖಾನೆಯ ತಳವನ್ನೂ ಕರಗಿಸಿ ಅದರೊಳಗೆ ಇಳಿದಿದ್ದವು. ಚಾಕುವಿನ ತುದಿಯಿಂದ ಎಬ್ಬಿಸಲು ನೋಡಿದೆ. ಹುಳು ಎಲ್ಲಿ ಮುಗಿಯಿತು, ಪೆಟ್ಟಿಗೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ವಾಸನೆ ಮಾತ್ರ ಹಾಗೆಯೇ ಇತ್ತು…

ಅವು ಬೆಟಗೇರಿಯ ನಮ್ಮ ನೆರೆಮನೆಯಾತ ಕೈಯಾರೆ ಎರಕ ಹೊಯ್ದ ಹುಳುಗಳು. ಆತ ತೀರಿಹೋಗಿ ಒಂದು ಮಳೆಗಾಲ ಕಳೆಯಿತು.

ಆತನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಗದಗಿನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಈತ ಅದರಿಂದ ಒಸಡು, ಹಲ್ಲು ಎಲ್ಲ ಕೂಡಿಸಿ ಸೆಟ್ಟು ಸಿದ್ಧಮಾಡುತ್ತಿದ್ದ. ಊರಿಗೆಲ್ಲ ಹಲ್ಲು ಕೊಡುವವನ ಬಾಯಲ್ಲೇ ಮುಂದಿನ ಒಂದು ಹಲ್ಲಿರಲಿಲ್ಲ. ಕೇಳಿದರೆ, "ಹಾಕ್ಕೊಂಡ್ರ ಸೀಟಿ ಹೊಡಿಯಾಕ ಬರೂದಿಲ್ಲರಿ" ಎನ್ನುತ್ತಿದ್ದ. ಮಾತು ಹೆಚ್ಚು, ನಗು ಇನ್ನೂ ಹೆಚ್ಚು. ಕೆಲಸದ ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳು, ಅರ್ಧ ತಿಂದ ಭಜಿ, ಮೊಬೈಲು, ಉಪ್ಪಿನಕಾಯಿ ಬಾಟಲಿ, ಎಲ್ಲ ಒಂದೇ ರಾಶಿ. ಅದನ್ನು ನೋಡಿದರೆ ನನ್ನ ಕೈ ತುರಿಸುತ್ತಿತ್ತು.

ಆತನನ್ನು ನನ್ನ ಅಣ್ಣನ ಬಳಿಗೆ ಕರೆದುಕೊಂಡು ಹೋದವನು ನಾನೇ. ಅಣ್ಣ ಇರುವುದು ಡಂಬಳದಲ್ಲಿ, ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯಲ್ಲಿ. ಚಿಕ್ಕಂದಿನಲ್ಲಿ ನನ್ನ ಕೈಗೆ ಮೊದಲು ಗಾಳದ ಕೋಲು ಕೊಟ್ಟವನು ಅಣ್ಣನೇ. ಅಲ್ಲಿಯ ಕೆರೆಯನ್ನು ಮೀನಿಗಾಗಿ ಗುತ್ತಿಗೆ ಹಿಡಿದವರಿಗೆ ನಾವು ಬಲೆ ಹಾಕುವವರಲ್ಲ, ಕೋಲು ಹಿಡಿದು ಕೂಡುವ ಮುದುಕರು ಎಂದು ಗೊತ್ತಿದ್ದುದರಿಂದ ಅವರ ಅಡ್ಡಿ ಇರಲಿಲ್ಲ. ನಿವೃತ್ತಿಯಾದ ಮೇಲೆ ಪ್ರತಿ ರವಿವಾರ ಬೆಳಿಗ್ಗೆ ನಾನು ಸ್ಕೂಟರಿನಲ್ಲಿ ಡಂಬಳಕ್ಕೆ ಹೋಗುತ್ತಿದ್ದೆ. ಕೆರೆಯ ಏರಿಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂಡುತ್ತಿದ್ದೆವು. ಅಣ್ಣನ ಸೊಸೆ ಥರ್ಮಾಸಿನಲ್ಲಿ ಚಹಾ, ಒಂದು ಕಪ್ಪು, ಅದರಡಿಗಿಡುವ ಒಂದು ಬಸಿ ಕಟ್ಟಿಕೊಡುತ್ತಿದ್ದಳು. ಮೊದಲ ಮೀನು ಯಾರಿಗೆ ಬಿತ್ತೋ ಅವರಿಗೆ ಕಪ್ಪು, ಇನ್ನೊಬ್ಬರಿಗೆ ಬಸಿ. ಇದು ಅಣ್ಣನ ಕಾಯಿದೆ. ಬಾಯಿಬಿಟ್ಟು ಹೊಗಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ನನ್ನ ಕಡೆ ಕಪ್ಪು ಸರಿಸಿದನೆಂದರೆ ಅದೇ ಶಹಬ್ಬಾಸ್‌ಗಿರಿ.

ಅಣ್ಣನ ಹಲ್ಲೆಲ್ಲ ಉದುರಿ, ರೊಟ್ಟಿ ಬಿಟ್ಟು ಬರೀ ನುಚ್ಚು ಉಣ್ಣುವ ಹೊತ್ತಿಗೆ ನನಗೆ ನೆರೆಮನೆಯಾತ ನೆನಪಾದ. ಆತ ಬಹಳ ಅಕ್ಕರೆಯಿಂದ ಸೆಟ್ಟು ಮಾಡಿಕೊಟ್ಟ. ಎಲ್ಲಿ ಒತ್ತುತ್ತದೆಂದರೆ ಅಲ್ಲಿ ಅರದಿಂದ ಉಜ್ಜಿ ಸರಿಮಾಡಲು ತಾನೇ ಡಂಬಳಕ್ಕೆ ಬರುತ್ತಿದ್ದ. ಹಾಗೆ ಬಂದ ಒಂದು ರವಿವಾರ ನಮ್ಮ ಜೊತೆ ಏರಿಗೂ ಬಂದ. ಅಲ್ಲಿಂದ ಮುಂದೆ ಬರುವುದನ್ನು ಬಿಡಲಿಲ್ಲ.

ಮೊದಲ ದಿನ ನಮ್ಮ ಎರೆಹುಳದ ಡಬ್ಬಿ ನೋಡಿ ನಕ್ಕ. ಮುಂದಿನ ವಾರ ಬರುವಾಗ ಆನ್‌ಲೈನಿನಲ್ಲಿ ತರಿಸಿದ ಪೊಟ್ಟಣವೊಂದನ್ನು ತಂದ. ಅಮೆರಿಕದಲ್ಲಿ ಬಾಸ್ ಎಂಬ ಮೀನನ್ನು ಇಂಥವುಗಳಿಂದಲೇ ಹಿಡಿಯುತ್ತಾರಂತೆ; ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ರಬ್ಬರಿಗಿಂತ ಮೆತ್ತಗಿನ ಪ್ಲಾಸ್ಟಿಕ್ಕು. ಬೆರಳುದ್ದದ ಮೈ, ಎರಡು ಕೊಂಬು, ಪಕ್ಕಕ್ಕೆ ನಾಲ್ಕಾರು ಕಾಲು, ಹಿಂದೆ ಕವಲೊಡೆದ ಬಾಲ.

ಅಣ್ಣ ಅದನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ. "ಹಲ್ಲಿ ಅನ್ನಾಕ ಕೊಂಬ ಅದಾವು. ಏಡಿ ಅನ್ನಾಕ ಬಾಲ ಐತಿ. ಏನಲೇ ಇದು ಡಾಕ್ಟರ?"

"ದೊಡ್ಡಣ್ಣಾರ, ನಿಮಗ ತಿಳೀಲಿ ಅಂತ ಮಾಡಿಲ್ಲರಿ ಇದನ್ನ. ಮೀನಿಗೆ ತಿಳಿದ್ರ ಸಾಕು."

ಅಣ್ಣ ಹೊಸ ಹಲ್ಲು ಕಾಣುವಂತೆ ನಕ್ಕ. ಅವನನ್ನು ಹಾಗೆ ನಗಿಸಲು ನನಗೆ ಎಂದೂ ಆಗಿರಲಿಲ್ಲ. ಅವನು 'ದೊಡ್ಡಣ್ಣಾರ' ಆದ ಮೇಲೆ ನಾನು 'ಸಣ್ಣಣ್ಣಾರ' ಆದೆ. ಎಪ್ಪತ್ತು ಸಮೀಪಿಸಿದವನನ್ನು ಸಣ್ಣಣ್ಣ ಎಂದು ಕರೆಯುವುದು… ಇರಲಿ.

ನಮ್ಮ ಕೆರೆಯಲ್ಲಿ ಬಾಸ್ ಇಲ್ಲ. ಹಾವಿನಂಥ ತಲೆಯ ಕೊರವ ಮೀನಿದೆ. ಅದು ನೀರಗಿಡಗಳ ನಡುವೆ ಅಡಗಿ ಕೂಡುತ್ತದೆ. ನಾವು ಗಾಳವನ್ನು ಅಲ್ಲಿಗೆ ಎಸೆಯುತ್ತಲೇ ಇರಲಿಲ್ಲ. ಕೊಕ್ಕೆ ಗಿಡಕ್ಕೆ ಸಿಕ್ಕಿಕೊಂಡು ದಾರ ಹರಿಯುತ್ತಿತ್ತು. ಆತ ಕೊಕ್ಕೆಯನ್ನು ಹುಳುವಿನ ಮೂಗಿನಿಂದ ತೂರಿಸಿ, ತಿರುಗಿಸಿ, ಮೊನೆಯನ್ನು ಅದರ ಹೊಟ್ಟೆಯೊಳಗೇ ಅಡಗಿಸಿದ. ಮೊನೆ ಹೊರಗಿಲ್ಲದ್ದರಿಂದ ಅದು ಗಿಡಗಳ ಸಂದಿಯಲ್ಲಿ ನುಸುಳಿ ತಳಕ್ಕಿಳಿಯಿತು. ಕೋಲಿನ ತುದಿಯನ್ನು ಒಮ್ಮೆ ಮೆಲ್ಲಗೆ ಎತ್ತಿ ಬಿಟ್ಟ. ಸುಮ್ಮನೆ ಕುಳಿತ. ಮತ್ತೆ ಎತ್ತಿದ. ದಾರ ಪಕ್ಕಕ್ಕೆ ಸರಿಯತೊಡಗಿದಾಗ ನಾನು "ಎಳೀರಿ, ಎಳೀರಿ" ಎಂದೆ. ಆತ ನನ್ನ ಕಡೆ ನೋಡಲೂ ಇಲ್ಲ. "ತಡೀರಿ… ತಡೀರಿ… ಅದರ ಬಾಯಿ ತುಂಬಲಿ…" ಎನ್ನುತ್ತಲೇ ಇದ್ದು, ಆಮೇಲೆ "ಈಗ!" ಎಂದು ಎಳೆದ.

ಮೊಳದಷ್ಟು ಉದ್ದದ ಕೊರವ. ಅಣ್ಣ ಕಪ್ಪನ್ನು ಆತನ ಮುಂದೆ ಇಟ್ಟ. ಬಸಿಯನ್ನು ತಾನು ತೆಗೆದುಕೊಂಡ. ನನಗೆ ಉಳಿದದ್ದು ಥರ್ಮಾಸಿನ ಮುಚ್ಚಳ.

ಅದೊಂದು ದಿನದ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಆಮೇಲಿನ ರವಿವಾರಗಳಲ್ಲೆಲ್ಲ ನನ್ನ ಚಹಾ ಮುಚ್ಚಳದಲ್ಲೇ ಆಯಿತು. ಆತ ನಮ್ಮಿಬ್ಬರ ನಡುವೆ ಕೂಡುತ್ತಿದ್ದ. ಅಣ್ಣನೇ ಸರಿದು ಜಾಗ ಮಾಡಿಕೊಡುತ್ತಿದ್ದ. ಅಣ್ಣ ಹೇಳುತ್ತಿದ್ದ ಹಳೆಯ ಕಥೆಗಳು ನನಗೆ ಬಾಯಿಪಾಠ. ಆತ ಮಾತ್ರ ಮೊದಲ ಸಲ ಕೇಳುವವನಂತೆ "ಹೌದಾ! ಖರೇನ? ಆಮ್ಯಾಲರಿ?" ಎನ್ನುತ್ತಿದ್ದ. ಅಣ್ಣ ಇನ್ನಷ್ಟು ಹುರುಪಿನಿಂದ ಹೇಳುತ್ತಿದ್ದ. ನಾನು ನೀರಿನ ಮೇಲೆ ತೇಲುವ ಗಾಳದ ಬೆಂಡನ್ನು ನೋಡುತ್ತ ಕೂಡುತ್ತಿದ್ದೆ. ಎರೆಹುಳವನ್ನು ಸಣ್ಣ ಮೀನುಗಳು ಚೂರುಚೂರಾಗಿ ತಿಂದು ಹೋಗುತ್ತಿದ್ದವು. ಆತ ನನಗೂ ತನ್ನ ಹುಳುಗಳನ್ನು ಕೊಡಲು ಬರುತ್ತಿದ್ದ. "ನನಗ ಇದ ಸರಿ" ಎಂದು ನಾನು ಎರೆಹುಳವನ್ನೇ ಚುಚ್ಚುತ್ತಿದ್ದೆ.

ಪೊಟ್ಟಣದ ಹುಳುಗಳು ಹರಿದ ಮೇಲೆ ಆತ ತಾನೇ ಎರಕ ಹೊಯ್ಯಲು ಶುರುಮಾಡಿದ. ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರಿನಲ್ಲಿ ಒಂದು ಹುಳುವನ್ನು ಒತ್ತಿ ಅಚ್ಚು ತೆಗೆದ. ಹರಿದ ತುಂಡುಗಳನ್ನು ಹಳೆಯ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ ಅದಕ್ಕೆ ಹೊಯ್ದ. ಕೊಂಬು ಸಣ್ಣದಾಯಿತೆಂದು ಅಚ್ಚನ್ನು ಕೆತ್ತಿ ದೊಡ್ಡದು ಮಾಡಿದ. ಮೀನು ಬಾಯಿಗೆ ಹಾಕಿಕೊಂಡದ್ದನ್ನು ಉಗುಳಬಾರದೆಂದು ಬಡೇಸೋಪಿನ ಎಣ್ಣೆ ಸವರಿದ. ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ. ಆ ವಾಸನೆ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಬಣ್ಣಕ್ಕೆ ಏನೂ ಸಿಗದ ಒಂದು ದಿನ ಸೆಟ್ಟಿನ ಒಸಡಿಗೆ ಹಾಕುವ ಗುಲಾಬಿ ಪುಡಿಯನ್ನೇ ಕಲಸಿದ.

ಅಣ್ಣ ಆ ಹುಳುವನ್ನು ಒಂದು ಕೈಯಲ್ಲೂ, ಬಾಯಿಂದ ತೆಗೆದ ತನ್ನ ಹಲ್ಲಿನ ಸೆಟ್ಟನ್ನು ಇನ್ನೊಂದರಲ್ಲೂ ಹಿಡಿದು, "ಎರಡೂ ಒಂದ ತಾಯಿ ಮಕ್ಕಳ ಲೇ ತಮ್ಮಾ!" ಎಂದು ಬೊಚ್ಚುಬಾಯಲ್ಲಿ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಅಂದು ತಮ್ಮಾ ಎಂದದ್ದು ನನಗಲ್ಲ, ಆತನಿಗೆ.

ಆಷಾಢದ ಒಂದು ಬೆಳಿಗ್ಗೆ ಆತ ಕೆಲಸದ ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ. ಎದೆನೋವು ಎಂದು ಯಾರಿಗೂ ಹೇಳಿರಲಿಲ್ಲ. ಖಬರು ತಿಳಿದ ಅಣ್ಣ ಸಿಕ್ಕ ಬಸ್ಸು ಹತ್ತಿ ಬಂದ. ನಮ್ಮ ಮನೆಗೆ ಬರಲಿಲ್ಲ. ನೇರ ಆ ಮನೆಯ ಹೊಸ್ತಿಲಿಗೆ ಹೋಗಿ ಕುಳಿತ. ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು, ಒಳಸೇರಿದ ತುಟಿಗಳನ್ನು ನಡುಗಿಸುತ್ತ ಅತ್ತ. ನಮ್ಮ ಅಪ್ಪ ಹೋದಾಗಲೂ ಅಣ್ಣ ಅತ್ತದ್ದನ್ನು ನಾನು ಕಂಡವನಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದೆ. ನನಗಾಗಿ ಇವನು ಇಷ್ಟು ಅಳುತ್ತಾನೆಯೇ ಎಂದೇ ನಾನು ಆಗ ಯೋಚಿಸುತ್ತಿದ್ದೆ…

ಅಣ್ಣ ಏರಿಗೆ ಬರುವುದನ್ನು ನಿಲ್ಲಿಸಿದ. ಹಲ್ಲೂ ಹಾಕಿಕೊಳ್ಳಲಿಲ್ಲ. ಎಡಕ್ಕೆ ಒತ್ತುತ್ತದೆ ಎನ್ನುತ್ತಿದ್ದ. ಬೇರೆಯವರಿಂದ ಸರಿಮಾಡಿಸೋಣವೆಂದರೆ, "ಅಂವ ಮಾಡಿದ್ದನ್ನ ಮತ್ತೊಬ್ಬ ಯಾಕ ಮುಟ್ಟಬೇಕಲೇ?" ಎಂದ. ನಾನು ಪ್ರತಿ ರವಿವಾರ ಕರೆಯುತ್ತಿದ್ದೆ. ಅವನು ಕಟ್ಟೆಯ ಮೇಲೆ ಕುಳಿತೇ ತಲೆಯಾಡಿಸುತ್ತಿದ್ದ. ಏರಿಯ ಮೇಲೆ ನಾನೊಬ್ಬನೇ. ಕಪ್ಪು ಬೇಕೆಂದರೂ ಸರಿಸುವವರಿಲ್ಲ.

ನೆರೆಮನೆಯಾತನ ಹೆಂಡತಿ ಒಂದು ದಿನ ಗಾಜಿನ ಉಪ್ಪಿನಕಾಯಿ ಬಾಟಲಿ ತಂದಳು. ಅದರೊಳಗೆ ಎಣ್ಣೆಯಲ್ಲಿ ಮಿಂದ ಹುಳುಗಳು, ಎಲ್ಲ ಬಣ್ಣದವೂ ಕಲೆತು. "ಅಣ್ಣಾರ, ಇವನ್ನ ನಾ ಒಗ್ಯಾಕೂ ಒಲ್ಲೆ, ಇಟ್ಕೊಳ್ಳಾಕೂ ಒಲ್ಲೆರಿ. ನೀವ ಇಟ್ಕೊರ್ರಿ" ಎಂದಳು. ಎಂಥ ಅವ್ಯವಸ್ಥೆ ಎಂದುಕೊಂಡು ನಾನು ಅವನ್ನೆಲ್ಲ ಒರೆಸಿ, ಬಣ್ಣದ ಪ್ರಕಾರ ನನ್ನ ಪೆಟ್ಟಿಗೆಯ ಖಾನೆಗಳಲ್ಲಿ ಜೋಡಿಸಿದೆ. ಆ ಮೆತ್ತನೆಯ ಪ್ಲಾಸ್ಟಿಕ್ಕು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ತಿನ್ನುತ್ತದೆ, ಗಾಜನ್ನು ಏನೂ ಮಾಡುವುದಿಲ್ಲ ಎಂಬುದು ನನಗೆ ತಿಳಿದದ್ದು ಮೊನ್ನೆ ಮುಚ್ಚಳ ತೆಗೆದಾಗಲೇ.

ಒಸಡಿನ ಬಣ್ಣದ್ದೊಂದು ಉಳಿದಿತ್ತು. ಒಂದು ಕಾಲು ಹರಿದಿದೆಯೆಂದು ಅದನ್ನು ಪೆಟ್ಟಿಗೆಗೆ ಸೇರಿಸದೆ ಬಾಟಲಿಯಲ್ಲೇ ಬಿಟ್ಟಿದ್ದೆ.

ಪೆಟ್ಟಿಗೆ ತೆಗೆದ ಮರುದಿನ ರವಿವಾರ. ಬಾಟಲಿಯನ್ನು ಡಂಬಳಕ್ಕೆ ಒಯ್ದು ಅಣ್ಣನ ಕೈಗೆ ಕೊಟ್ಟೆ. ಅವನು ಮುಚ್ಚಳ ತಿರುಗಿಸಿ ಮೂಸಿದ. ಬಹಳ ಹೊತ್ತು ಮೂಸಿದ. ಒಳಗೆ ಹೋಗಿ ಬಂದಾಗ ಕೆನ್ನೆಗಳು ತುಂಬಿದ್ದವು, ಹಲ್ಲು ಹಾಕಿಕೊಂಡಿದ್ದ.

"ಒತ್ತತೈತಿ ಅಂತಿದ್ದಿ?"

"ಒತ್ತಲಿ. ನಡಿ."

ಏರಿಯ ಮೇಲೆ ಅಣ್ಣ ತನ್ನ ಹಳೆಯ ಜಾಗದಲ್ಲಿ ಕುಳಿತ. ನಾನು ಅವನಿಗೆ ತಾಗಿ ಕೂಡಲು ಹೋದೆ. ಅವನು ನಡುವೆ ಟವೆಲ್ಲು ಹಾಸಿದ. ಒಬ್ಬ ಮನುಷ್ಯ ಕೂಡುವಷ್ಟು ಜಾಗ ಬಿಟ್ಟು ನಾನು ಆಚೆ ಕುಳಿತೆ. ಕೊಕ್ಕೆಯ ಮೊನೆಯನ್ನು ಹುಳುವಿನ ಹೊಟ್ಟೆಯಲ್ಲಿ ಅಡಗಿಸಿ ಗಿಡಗಳ ಸಂದಿಗೆ ಎಸೆದೆ. ತಳಕ್ಕಿಳಿಯಿತು. ಎತ್ತಿದೆ, ಬಿಟ್ಟೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಲವು ಸಲ ಎಸೆದ ಮೇಲೆ ದಾರ ಪಕ್ಕಕ್ಕೆ ಸರಿಯಿತು. ನನ್ನ ಕೈ ಎಳೆಯಲು ಹೊರಟಿತು.

"ತಡೀರಿ… ತಡೀರಿ…" ಎಂದ ಅಣ್ಣ. ತಮ್ಮನಿಗೆ ಅವನೆಂದೂ 'ರಿ' ಹಚ್ಚಿದವನಲ್ಲ. ದನಿ ಅವನದು, ಮಾತು ಆತನದು. "ಈಗ!"

ಒಳ್ಳೆಯ ಕೊರವ. ಗಾಳ ಹಿಡಿದಂದಿನಿಂದ ನನಗೆ ಬಿದ್ದ ಮೀನುಗಳಲ್ಲಿ ಅದೇ ದೊಡ್ಡದು. ಅಣ್ಣ ಥರ್ಮಾಸು ಬಿಚ್ಚಿ ಕಪ್ಪು ತುಂಬಿದ. ನಾನು ಕೈ ಒರೆಸಿಕೊಂಡೆ. ಅವನು ಕಪ್ಪನ್ನು ನಡುವಿನ ಟವೆಲ್ಲಿನ ಮೇಲಿಟ್ಟ. ಬಸಿಯಲ್ಲಿ ಚಹಾ ಸುರಿದು ನನ್ನ ಕಡೆ ಸರಿಸಿದ. ಮುಚ್ಚಳವನ್ನು ತಾನು ತೆಗೆದುಕೊಂಡ.

"ಮೀನ ನಂದಲ್ಲೇನು?" ಎಂದೆ.

"ಹುಳ ಅವಂದು. ಕುಡಿ, ಆರತೈತಿ."

ಕುಡಿದೆ. ನಡುವಿನ ಕಪ್ಪಿನ ಮೇಲೆ ಕೆನೆಗಟ್ಟಿತು. ಆತ ಇದ್ದಿದ್ದರೆ ಇಷ್ಟೊತ್ತಿಗೆ ಇನ್ನರ್ಧ ಕಪ್ಪು ಕೇಳುತ್ತಿದ್ದ, ಆ ಹಲ್ಲಿಲ್ಲದ ಸಂದಿಯಿಂದ ಸೀಟಿ ಹೊಡೆಯುತ್ತಿದ್ದ… ಏಳುವಾಗ ಅಣ್ಣ ಆ ಚಹಾವನ್ನು ಕೆರೆಗೆ ಚೆಲ್ಲಿ, ಕಪ್ಪು ತೊಳೆದು ನನ್ನ ಕೈಗೆ ಕೊಟ್ಟ. ಅದನ್ನು ಆ ಟವೆಲ್ಲಿನಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟೆ.

ಮೀನಿನ ಬಾಯಿಂದ ಬಿಡಿಸುವಾಗ ಹುಳುವಿನ ಇನ್ನೊಂದು ಕಾಲೂ ಹರಿಯಿತು. ಅದನ್ನು ಗಾಜಿನ ಬಾಟಲಿಗೇ ಹಾಕಿದ್ದೇನೆ. ಬಾಟಲಿ ಕಪಾಟಿನಲ್ಲಿ ಒಂಟಿಯಾಗಿ ನಿಂತಿದೆ. ಯಾವ ಸಾಮಾನಿನ ಜೊತೆಗಿಡಬೇಕೆಂದು ಇನ್ನೂ ತೋಚಿಲ್ಲ. ಗೋಡೆಯ ಆಚೆಯಿಂದ ಈಗ ಯಾವ ವಾಸನೆಯೂ ಬರುವುದಿಲ್ಲ. ಬರುವ ರವಿವಾರವೂ ಏರಿಗೆ ಬರುತ್ತೇನೆಂದು ಅಣ್ಣ ಫೋನು ಮಾಡಿದ್ದಾನೆ. ಟವೆಲ್ಲು ಮರೆಯಬೇಡ ಎಂದೂ ಹೇಳಿದ್ದಾನೆ.