ಬಾಗಿದ ಚೌಕುಳಿ

ನಮ್ಮ ಕಡೆ ದಪ್ಪ ಇರುವವರನ್ನು ಯಾರೂ ದಪ್ಪ ಎನ್ನುವುದಿಲ್ಲ, "ಹೆಲ್ದಿ" ಎನ್ನುತ್ತಾರೆ. ಮದುವೆ ಹಾಲ್‌ನಲ್ಲಿ ಎರಡು ವರ್ಷದ ನಂತರ ಸಿಕ್ಕಿದವರು ನನ್ನನ್ನು ಕುತ್ತಿಗೆಯಿಂದ ಪಾದದವರೆಗೆ ಒಮ್ಮೆ ನೋಡಿ, "ಸ್ವಲ್ಪ ಹೆಲ್ದಿ ಆಗಿದ್ದೀರಿ, ಅಲ್ವಾ?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಎದುರು ಮಾತಾಡದೆ ನಗುವುದನ್ನು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು ನಾನು.

ಗ್ರೂಪ್ ಫೋಟೋ ಎಂದ ಕೂಡಲೇ ಹಿಂದಿನ ಸಾಲಿಗೆ ಹೋಗುತ್ತಿದ್ದೆ. ಅಲ್ಲಿ ಜಾಗ ಸಿಗದಿದ್ದರೆ ಹತ್ತಿರದ ಯಾವುದಾದರೂ ಮಗುವನ್ನು ಎತ್ತಿಕೊಳ್ಳುತ್ತಿದ್ದೆ. ನಮ್ಮ ಆಲ್ಬಮ್‌ಗಳಲ್ಲಿ ನನ್ನ ಹೊಟ್ಟೆ ಇರಬೇಕಾದ ಜಾಗದಲ್ಲಿ ಊರಿನ ಅರ್ಧ ಮಕ್ಕಳಿದ್ದಾರೆ.

ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯವಳು ಒಳ್ಳೆಯ ಟೈಲರ್. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಕಳೆದ ವರ್ಷ ಅವಳು ಉಡುಪಿಯಲ್ಲಿ ಒಂದು ಸಣ್ಣ ಅಂಗಡಿ ಹಾಕಿದಳು. ದೊಡ್ಡ ಸೈಜಿನ ಕುರ್ತಾ ಮಾತ್ರ, ಎಲ್ಲವೂ ಅವಳೇ ಕತ್ತರಿಸಿ ಹೊಲಿದದ್ದು. ಅಂಗಡಿ ಶುರುವಾಗುವ ಮೊದಲು ಒಂದು ದಿನ ನಮ್ಮ ಅಡುಗೆಮನೆಗೆ ಬಂದು ಕೂತಳು.

"ಅಕ್ಕ, ಅಂಗಡಿ ಬೋರ್ಡಿನ ಫೋಟೋಕ್ಕೆ ನೀವೇ ನಿಲ್ಲಬೇಕು."

"ನಾನಾ? ನಿನಗೆಂತ ಮರ್ಲಾ, ಮಾರಾಯ್ತಿ?"

"ಕಂಪೆನಿಯವರ ಪೋಸ್ಟರ್ ನೋಡಿದ್ದೀರಲ್ಲ? ತ್ರೀ ಎಕ್ಸ್‌ಎಲ್ ಅಂತ ಬರೆದು ಕಡ್ಡಿಯಂಥ ಹುಡುಗಿಯನ್ನು ನಿಲ್ಲಿಸ್ತಾರೆ. ಬಟ್ಟೆಯನ್ನು ಬೆನ್ನಿನ ಹಿಂದೆ ಪಿನ್ ಮಾಡಿ ಎಳೆದಿರ್ತಾರೆ. ಟೈಲರಿಗೆ ಗೊತ್ತಾಗುವುದಿಲ್ವಾ? ನನ್ನ ಬೋರ್ಡಿನಲ್ಲಿ ಇದ್ದವರು ಇದ್ದ ಹಾಗೆಯೇ ಇರಬೇಕು."

ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಒಪ್ಪಿದ ಮೇಲೆ ನಾನೂ ಒಂದು ಮಾತು ಹೇಳಿದೆ: ನಿಲ್ಲುವುದಾದರೆ ಪೂರ್ತಿ ನಿಲ್ಲುತ್ತೇನೆ, ಅಡ್ಡ ತಿರುಗಿ ಅಲ್ಲ, ದುಪಟ್ಟಾ ಮುಚ್ಚಿಕೊಂಡೂ ಅಲ್ಲ. ಮಣಿಪಾಲದ ಸ್ಟುಡಿಯೋದಲ್ಲಿ ಫೋಟೋ ತೆಗೆದವಳು ಮೂರು ಸಲ, "ಆಂಟಿ, ಹೊಟ್ಟೆಯ ಮೇಲಿನ ಕೈ ತೆಗೀರಿ" ಎನ್ನಬೇಕಾಯಿತು. ನಾಲ್ಕನೆಯ ಸಲ ಕೈ ತಾನಾಗಿ ಕೆಳಗಿತ್ತು. ಹಾಕಿದ್ದು ಉಡುಪಿ ಕೈಮಗ್ಗದ ಬಟ್ಟೆಯ ಕುರ್ತಾ, ಹಸಿರಿನ ಮೇಲೆ ಸಾಸಿವೆ ಬಣ್ಣದ ಚೌಕುಳಿ.

ನಾಲ್ಕು ದಿನ ಬಿಟ್ಟು ಫ್ಲೆಕ್ಸಿನ ಡಿಸೈನ್ ವಾಟ್ಸಾಪಿಗೆ ಬಂತು. ಕೆಳಗೆ ದೊಡ್ಡ ಅಕ್ಷರದಲ್ಲಿ "ಇದ್ದ ಹಾಗೇ ಬನ್ನಿ" ಎಂದಿತ್ತು. ಸುಳ್ಳು ಯಾಕೆ ಹೇಳಲಿ, ನೋಡಿ ತುಂಬ ಖುಷಿಯಾಯಿತು. ಇಷ್ಟು ಚೆಂದ ಇದ್ದೇನಾ ನಾನು ಎನಿಸಿತು. ನಮ್ಮ ಮನೆಯವರಿಗೆ ತೋರಿಸಿದೆ. "ಒಳ್ಳೆ ಬಂದಿದೆ," ಎಂದು ಪೇಪರಿಗೆ ಮರಳಿದರು. ಅತ್ತೆ ಕನ್ನಡಕ ಹಾಕಿಕೊಂಡು ಮೊಬೈಲನ್ನು ದೂರ ಹಿಡಿದರು.

"ಯಾರಿದು? ನಿನ್ನ ತಂಗಿಯಾ?"

ನನಗೆ ತಂಗಿ ಇಲ್ಲವೆಂದು ಅತ್ತೆಗೆ ಗೊತ್ತು. ತಮಾಷೆಗೆ ಹೇಳಿದ್ದೋ ಎಂದು ಅವರ ಮುಖ ನೋಡಿದೆ. ತಮಾಷೆಯಲ್ಲ.

ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದೆ. ಸೊಂಟದ ಹತ್ತಿರ ಚೌಕುಳಿಯ ಗೆರೆಗಳು ನೀರಲ್ಲಿ ಕಂಡ ಹಾಗೆ ಒಳಕ್ಕೆ ಬಾಗಿದ್ದವು. ಶಾಲೆಯಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್, ಗೆರೆಗೆ ಗೆರೆ ಕೂಡದಿದ್ದರೆ ಇಡೀ ಹೊಲಿಗೆ ಬಿಚ್ಚಿಸುತ್ತಿದ್ದರು. ಆ ಕಣ್ಣು ನನಗಿನ್ನೂ ಉಂಟು. ಬಟ್ಟೆ ಹಾಗೆ ಬಾಗುವುದಿಲ್ಲ. ಯಾರೋ ಕಂಪ್ಯೂಟರಿನಲ್ಲಿ ನನ್ನನ್ನು ಎರಡೂ ಬದಿಯಿಂದ ಒತ್ತಿದ್ದರು.

ಡಿಸೈನ್ ಮಧ್ಯಾಹ್ನ ಪ್ರಿಂಟಿಗೆ ಹೋಗುವುದಿತ್ತು. ಪಕ್ಕದ ಮನೆಯವಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಫ್ಲೆಕ್ಸ್ ಪ್ರೆಸ್ ಇದ್ದದ್ದು ಸಂತೆಕಟ್ಟೆಯಲ್ಲಿ. ದಾರಿಯಲ್ಲಿ ಅವಳೇ ಮೆತ್ತಗಾದಳು. "ಬಿಡಿ ಅಕ್ಕ, ಸ್ವಲ್ಪ ಸಣ್ಣ ಕಂಡರೆ ನಷ್ಟ ಎಂತ? ಜನ ನಗಾಡಿದರೆ ನಿಮಗೇ ಬೇಸರ."

"ನಗಾಡಲಿ. ಇಷ್ಟು ಸಣ್ಣ ಇದ್ದವಳು ನಿನ್ನ ಅಂಗಡಿಗೆ ಯಾಕೆ ಬರ್ತಾಳೆ, ಹೇಳು."

ಸಂತೆಕಟ್ಟೆಯಲ್ಲಿ ಅವಳೇ ಮೊದಲು ಇಳಿದಳು.

ಡಿಸೈನರ್ ಐವತ್ತು ದಾಟಿದವರು, ಬಹಳ ಮರ್ಯಾದಸ್ಥ. ಕುರ್ಚಿ ಕೊಟ್ಟು, ನಾವು ಥ್ಯಾಂಕ್ಸ್ ಹೇಳಲು ಬಂದವರೆಂದು ತಿಳಿದು ನಕ್ಕರು. "ಮೇಡಂ ಸ್ವಲ್ಪ ಹೆಲ್ದಿ ಅಲ್ವಾ? ಅದಕ್ಕೆ ಎರಡೂ ಸೈಡಿನಿಂದ ಒಳಗೆ ತಂದೆ. ಚಾರ್ಜ್ ಇಲ್ಲ, ಎಲ್ಲರಿಗೂ ಮಾಡುವುದೇ. ಅಭಿನಂದನೆಯ ಫ್ಲೆಕ್ಸಿನಲ್ಲಿ ನಾನು ಹೊಟ್ಟೆ ತೆಗೆಯದ ಲೀಡರ್ ಈ ತಾಲೂಕಿನಲ್ಲಿಲ್ಲ!"

"ನನ್ನದನ್ನು ವಾಪಸ್ ಕೊಡಿ," ಎಂದೆ.

"ಎಂತದು ಮೇಡಂ?"

"ಹೊಟ್ಟೆ."

ಹಿಂದಿನ ಟೇಬಲ್ಲಿನಲ್ಲಿ ಬ್ಯಾನರ್ ಮಡಚುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ನಾನು ಪ್ಲೀಸ್ ಸೇರಿಸದೆ ಮಾತಾಡಿದ್ದೆನೆಂದು ಆಮೇಲೆ ಹೊಳೆಯಿತು.

ಡಿಸೈನರಿಗೆ ನಿಜವಾಗಿ ಬೇಸರವಾಯಿತು, ಪಾಪ. "ನಾಳೆ ನಿಮ್ಮ ಮನೆಯವರು ಬಂದು ನನ್ನನ್ನು ಬೈಯಬಾರದು." ಬೈಯುವುದಿಲ್ಲ ಎಂದೆ. ಪರದೆಯ ಮೇಲಿನ ಚೌಕುಳಿ ತೋರಿಸಿ, "ಈ ಗೆರೆ ನೋಡಿ. ಇವಳು ಇಷ್ಟು ನೇರವಾಗಿ ಕತ್ತರಿಸಿದ್ದನ್ನು ನೀವು ಡೊಂಕು ಮಾಡಿದ್ದೀರಿ," ಎಂದೆ. ಅವರು ಕನ್ನಡಕ ಏರಿಸಿ ಮುಂದೆ ಬಾಗಿದರು. ತುಂಬ ಹೊತ್ತು ನೋಡಿ, "ಹೌದಲ್ಲ," ಎಂದರು. ಕೆಲಸದ ತಪ್ಪು ಎಂದ ಮೇಲೆ ಅವರಿಗೆ ಬೇರೆ ಮಾತು ಬೇಕಾಗಲಿಲ್ಲ. ಮೌಸ್ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದರು. ನನ್ನ ತೋಳು ಬಂತು, ಗಲ್ಲದ ಕೆಳಗಿನ ಮಡಿಕೆ ಬಂತು, ಸೊಂಟ ಬಂತು. ಗೆರೆಗಳು ನೇರವಾದವು.

ಪಕ್ಕದ ಮನೆಯವಳು ಬಾಯಿ ಬಿಟ್ಟಳು. "ಅಕ್ಕ, ಈಗ ನೋಡಿ ನನ್ನ ಫಿಟ್ಟಿಂಗ್!"

ಹನ್ನೆರಡು ಅಡಿ ಅಗಲದ ಫ್ಲೆಕ್ಸ್ ಅಂಗಡಿಯ ಮೇಲೆ ಏರಿತು. ಅಷ್ಟು ದೊಡ್ಡದಾಗಿ ನನ್ನನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೊದಲ ದಿನ ರಸ್ತೆಯ ಆಚೆ ಬದಿಯಲ್ಲಿ ನಿಂತು, ಒಂದು ಲೋಟ ಕಬ್ಬಿನ ಹಾಲು ಮುಗಿಯುವವರೆಗೆ ನೋಡಿದೆ. ಇಬ್ಬರು ನಕ್ಕದ್ದು ಕಂಡಿತು. ಎಷ್ಟೋ ಮಂದಿ ತಲೆಯೆತ್ತಿ ನೋಡಿ, ನಿಧಾನಿಸಿ, ಮೆಟ್ಟಿಲು ಹತ್ತಿದ್ದೂ ಕಂಡಿತು. ಶಿರ್ವದಿಂದ ತಾಯಿ, ಮಗಳು, ಅತ್ತಿಗೆ ಒಟ್ಟಿಗೆ ಬಂದರು. ನಿಟ್ಟೆಯ ಕಾಲೇಜಿನ ಹುಡುಗಿಯೊಬ್ಬಳು ಬೋರ್ಡಿನ ಕೆಳಗೆ ಸೆಲ್ಫಿ ತೆಗೆದುಕೊಂಡಳು. ಮೂರನೆಯ ವಾರಕ್ಕೆ ಆ ಚೌಕುಳಿಯ ಬಟ್ಟೆ ಮುಗಿದು, ಪಕ್ಕದ ಮನೆಯವಳು ನೇಕಾರರ ಮನೆಗೆ ಓಡಬೇಕಾಯಿತು.

ಮೊನ್ನೆ ಅಂಗಡಿಯಲ್ಲಿ ಗುಂಡಿ ಹೊಲಿದು ಕೊಡುತ್ತಿದ್ದೆ. ಕಾರ್ಕಳದಿಂದ ಬಂದ ಟೀಚರೊಬ್ಬರು, ನನ್ನಷ್ಟೇ ಇರುವವರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬೋರ್ಡಿನಲ್ಲಿರುವವರು ನೀವೇ ಅಲ್ವಾ? ಎದುರಿಗೆ ನೋಡಿದರೆ ಅಷ್ಟೇನೂ ಹೆಲ್ದಿ ಇಲ್ಲ ಮಾರಾಯ್ರೆ!"

ಹೊಗಳಿಕೆ ಎಂದು ನನಗೆ ಗೊತ್ತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತೆ.

"ಇಲ್ಲ ಟೀಚರ್, ಸರಿಯಾಗಿ ನೋಡಿ," ಎಂದೆ. "ಅಷ್ಟೇ ಇದ್ದೇನೆ."